ಪುರುಷರ ತೊಡೆಸಂದು ಮತ್ತು ಜನನಾಂಗದ ಭಾಗದಲ್ಲಿ ಬಹುಕಾಲ ವಾಸಿಯಾಗದ ದದ್ದು: ಕಾರಣಗಳು ಹಾಗೂ ಚಿಕಿತ್ಸೆ

ಯಾದಗಿರಿ ಜಿಲ್ಲೆಯ ಸುರಪುರ ಮತ್ತು ಶಹಾಪುರ ತಾಲ್ಲೂಕುಗಳ ಹಲವು ಗ್ರಾಮಗಳು ನಾರಾಯಣಪುರ ಎಡದಂಡೆ ಕಾಲುವೆಯ ನೀರಾವರಿಗೆ ಒಳಪಟ್ಟಿದ್ದು, ಅಲ್ಲಿ ಭತ್ತವು ಪ್ರಮುಖ ಬೆಳೆಯಾಗಿದೆ. ಬೋನಾಳ ಕೆರೆಯ ಸುತ್ತಲಿನ ಊರುಗಳಿರಲಿ, ಕಾಲುವೆಯ ಅಂಚಿನ ಊರುಗಳಿರಲಿ, ಕೆಸರು ಗದ್ದೆಯಲ್ಲಿ ಒದ್ದೆ ಬಟ್ಟೆಯಲ್ಲಿಯೇ ದಿನವಿಡೀ ದುಡಿಯುವ ಪುರುಷರಿಗೆ ತೊಡೆಸಂದಿನ ತುರಿಕೆಯು ಹೊಸದೇನಲ್ಲ. ಆದರೆ ಒಂದೆರಡು ವಾರದಲ್ಲಿ ಮಾಯಬೇಕಾದ ದದ್ದು ತಿಂಗಳುಗಟ್ಟಲೆ ಉಳಿದಾಗ ಅನೇಕರು ಸಂಕೋಚದಿಂದ ಯಾರಿಗೂ ತಿಳಿಸದೆ, ಇದು "ಕೆಟ್ಟ ರೋಗ"ವೆಂದು ಭಯಪಡುತ್ತಾರೆ. ಆದ್ದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಇಂತಹ ದದ್ದಿಗೆ ಅತ್ಯಂತ ಸಾಮಾನ್ಯ ಕಾರಣವು ಶಿಲೀಂಧ್ರ ಸೋಂಕು. ಇದನ್ನು ಜನರು ಹುಳುಕಡ್ಡಿ ಅಥವಾ ಗಜಕರ್ಣ ಎಂದು ಕರೆಯುತ್ತಾರೆ. ತೊಡೆಸಂದಿನಲ್ಲಿ ಆರಂಭವಾಗಿ, ಅಂಚು ಕೆಂಪಾಗಿ ಉಬ್ಬಿ, ಉಂಗುರದಂತೆ ಹರಡಿ, ಪೃಷ್ಠ ಹಾಗೂ ಸೊಂಟದವರೆಗೆ ವ್ಯಾಪಿಸುತ್ತದೆ. ಇದು ಮೂಲತಃ ಚರ್ಮದ ಮೇಲ್ಪದರದ ಸೋಂಕಾಗಿದ್ದು, ಸೂಕ್ತ ಔಷಧಿಯಿಂದ ಗುಣವಾಗತಕ್ಕದ್ದಾಗಿದೆ.

ಹಾಗಿದ್ದಲ್ಲಿ ಅದು ವಾಸಿಯಾಗದೆ ಉಳಿಯುವುದೇಕೆ ಎಂಬ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರವು ರೋಗಿಯ ಮನೆಯಲ್ಲಿರುವ ಮುಲಾಮಿನ ಟ್ಯೂಬಿನಲ್ಲಿಯೇ ಇರುತ್ತದೆ. ಔಷಧಿ ಅಂಗಡಿಯಲ್ಲಿ "ತುರಿಕೆಗೆ ಏನಾದರೂ ಕೊಡಿ" ಎಂದು ಕೇಳಿ ಪಡೆಯುವ ಮುಲಾಮುಗಳಲ್ಲಿ ಹಲವು, ಶಿಲೀಂಧ್ರನಾಶಕದ ಜೊತೆಗೆ ಸ್ಟೀರಾಯ್ಡ್ ಹಾಗೂ ಆಂಟಿಬಯಾಟಿಕ್ ಬೆರೆತವುಗಳಾಗಿವೆ. ಸ್ಟೀರಾಯ್ಡ್ ಅಂಶವು ಎರಡು ಮೂರು ದಿನಗಳಲ್ಲಿ ತುರಿಕೆ ಮತ್ತು ಕೆಂಪನ್ನು ಅಡಗಿಸುತ್ತದೆ. ರೋಗವು ವಾಸಿಯಾಯಿತೆಂದು ತಿಳಿದು ಹಚ್ಚುವುದನ್ನು ನಿಲ್ಲಿಸಲಾಗುತ್ತದೆ. ಆದರೆ ಚರ್ಮದ ಸ್ಥಳೀಯ ರೋಗನಿರೋಧಕ ಶಕ್ತಿಯು ಕುಗ್ಗಿರುವುದರಿಂದ ಶಿಲೀಂಧ್ರವು ಒಳಗೊಳಗೇ ಬೆಳೆದು, ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ಮತ್ತೆ ಅದೇ ಟ್ಯೂಬು, ಮತ್ತೆ ಅದೇ ಫಲಿತಾಂಶ. ಜನನಾಂಗದ ಚರ್ಮವು ಬಹಳ ತೆಳುವಾಗಿದ್ದು ಸ್ಟೀರಾಯ್ಡ್ ಅನ್ನು ಹೆಚ್ಚು ಹೀರಿಕೊಳ್ಳುವುದರಿಂದ, ಕಾಲಕ್ರಮೇಣ ಚರ್ಮವು ಇನ್ನೂ ತೆಳುವಾಗಿ, ತೊಡೆಯಲ್ಲಿ ಶಾಶ್ವತ ಗೆರೆಗಳು ಮೂಡಿ, ವೃಷಣದ ಚೀಲವು ಕೆಂಪಾಗಿ ಸದಾ ಉರಿಯುವ ಸ್ಥಿತಿಯೂ ಬರಬಹುದು. 2018ರಲ್ಲಿ ಕೇಂದ್ರ ಸರ್ಕಾರವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ 'ಎಚ್' ಅನುಸೂಚಿಗೆ ತಂದಿರುತ್ತದೆ. ಆದರೂ ಚೀಟಿ ಕೇಳದೆ ಕೊಡುವುದು, ಚೀಟಿಯಿಲ್ಲದೆ ಕೊಳ್ಳುವುದು ಎರಡೂ ನಿಂತಿಲ್ಲವೆಂಬುದು ಎಲ್ಲರಿಗೂ ತಿಳಿದ ವಿಷಯ. ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್, ಬೀಟಾಮೆಥಾಸೋನ್ ಅಥವಾ ಮೊಮೆಟಾಸೋನ್ ಎಂಬ ಹೆಸರಿದ್ದಲ್ಲಿ ಅದು ಸ್ಟೀರಾಯ್ಡ್ ಎಂದು ತಿಳಿಯತಕ್ಕದ್ದು.

ಇದಲ್ಲದೆ, ಭಾರತದಲ್ಲಿ ಹರಡಿರುವ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಶಿಲೀಂಧ್ರವನ್ನು (ಈ ಹೆಸರನ್ನು 2020ರಲ್ಲಿ ನೀಡಲಾಯಿತು) ಟರ್ಬಿನಾಫಿನ್ ಎಂಬ ಸಾಮಾನ್ಯ ಔಷಧಿಯು ಅನೇಕ ಸಂದರ್ಭಗಳಲ್ಲಿ ನಿಯಂತ್ರಿಸುತ್ತಿಲ್ಲ. ಇಂತಹ ರೋಗಿಗಳಿಗೆ ವೈದ್ಯರು ಇಟ್ರಾಕೊನಜೋಲ್ ಮಾತ್ರೆಯನ್ನು ಹಲವು ವಾರಗಳ ಕಾಲ ಸೂಚಿಸಬಹುದು. ಹೃದಯ ಅಥವಾ ಯಕೃತ್ತಿನ ತೊಂದರೆಯುಳ್ಳವರು ಹಾಗೂ ಬೇರೆ ಮಾತ್ರೆ ಸೇವಿಸುವವರು ಅದನ್ನು ಮುಂಚಿತವಾಗಿ ತಿಳಿಸಬೇಕು. ದದ್ದು ಕಣ್ಣಿಗೆ ಕಾಣದಾದ ನಂತರವೂ ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಇನ್ನೂ ಎರಡು ವಾರ, ಔಷಧಿ ಮುಂದುವರಿಸಬೇಕಾಗುತ್ತದೆ. ಮನೆಯಲ್ಲಿ ಇತರರಿಗೂ ತುರಿಕೆ ಇದ್ದಲ್ಲಿ ಅವರಿಗೂ ಚಿಕಿತ್ಸೆ ಆಗದ ಹೊರತು ಸೋಂಕು ಮನೆಯನ್ನು ಬಿಡುವುದಿಲ್ಲ. ಟವೆಲ್ ಮತ್ತು ಒಳ ಉಡುಪನ್ನು ಪ್ರತ್ಯೇಕವಾಗಿರಿಸಿ, ಒಗೆದು, ಬಿಸಿಲಿನಲ್ಲಿ ಪೂರ್ಣ ಒಣಗಿಸಿಯೇ ಬಳಸಬೇಕು. ಒಳ ಉಡುಪನ್ನು ನಾಚಿಕೆಯಿಂದ ಮನೆಯೊಳಗೆ ಅರೆ ಒದ್ದೆಯಾಗಿ ಒಣಹಾಕುವ ರೂಢಿಯು ಈ ಸೋಂಕಿಗೆ ಅನುಕೂಲಕರವಾಗಿದೆ.

ಎಲ್ಲ ದದ್ದುಗಳೂ ಶಿಲೀಂಧ್ರದಿಂದಲೇ ಬರುವುದಿಲ್ಲ. ದುಡಿಮೆಗಾಗಿ ಬೆಂಗಳೂರು ಮುಂತಾದ ನಗರಗಳಿಗೆ ತೆರಳಿ ಒಂದೇ ಕೋಣೆಯಲ್ಲಿ ಹಲವರೊಡನೆ ಮಲಗುವವರಲ್ಲಿ ತುರಿಕಜ್ಜಿಯು ಬೇಗ ಹರಡುತ್ತದೆ. ರಾತ್ರಿ ತುರಿಕೆ ಹೆಚ್ಚುವುದು, ಬೆರಳುಗಳ ಸಂದಿನಲ್ಲಿ ಹಾಗೂ ಜನನಾಂಗದ ಮೇಲೆ ಗಂಟುಗಳಾಗುವುದು ಇದರ ಲಕ್ಷಣ. ಪರ್ಮೆಥ್ರಿನ್ ಮುಲಾಮನ್ನು ಕತ್ತಿನಿಂದ ಕೆಳಗೆ ಇಡೀ ಮೈಗೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದು, ಒಂದು ವಾರದ ನಂತರ ಪುನಃ ಹಚ್ಚಬೇಕು. ಜೊತೆಯಲ್ಲಿ ವಾಸಿಸುವ ಎಲ್ಲರೂ ಒಂದೇ ದಿನ ಹಚ್ಚಿಕೊಳ್ಳುವುದು ಅವಶ್ಯಕ. ಹುಳು ಸತ್ತ ಮೇಲೂ ಗಂಟುಗಳು ಕೆಲವು ವಾರ ಉಳಿಯಬಹುದು.

ಶಿಶ್ನದ ಮುಂದೊಗಲು ಕೆಂಪಾಗಿ ಬಿರಿದು, ಬಿಳಿ ಪದರ ಕಟ್ಟಿ, ಪದೇ ಪದೇ ಮರುಕಳಿಸುತ್ತಿದ್ದಲ್ಲಿ ರಕ್ತದ ಸಕ್ಕರೆಯನ್ನು ತಪ್ಪದೆ ಪರೀಕ್ಷಿಸಿಕೊಳ್ಳಬೇಕು. ತನಗೆ ಮಧುಮೇಹವಿದೆಯೆಂಬುದು ಕೆಲವರಿಗೆ ಮೊದಲು ತಿಳಿಯುವುದೇ ಈ ಮೂಲಕ. ನೋವಿನ ಮಾತ್ರೆ ಅಥವಾ ಆಂಟಿಬಯಾಟಿಕ್ ತೆಗೆದುಕೊಂಡಾಗಲೆಲ್ಲ ಅದೇ ಜಾಗದಲ್ಲಿ ಕಪ್ಪು-ಕೆಂಪು ಕಲೆ ಅಥವಾ ಹುಣ್ಣು ಏಳುತ್ತಿದ್ದಲ್ಲಿ ಅದು ಔಷಧಿಯ ಅಲರ್ಜಿಯಾಗಿರಬಹುದು. ಮಾತ್ರೆಯ ಹೆಸರನ್ನು ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಸೋರಿಯಾಸಿಸ್ ಮತ್ತು ಇಸಬು ಸಹ ಈ ಭಾಗದಲ್ಲಿ ಕಾಣಿಸಿಕೊಳ್ಳುತ್ತವೆ. ಇವು ಅಂಟುರೋಗಗಳಲ್ಲ. ಡೆಟಾಲ್ ಸುರಿದು ತೊಳೆಯುವುದು, ಸಂತೆಯಲ್ಲಿ ಮಾರುವ ಉರಿಯುವ ಮುಲಾಮು, ಎಕ್ಕದ ಹಾಲು ಇವುಗಳಿಂದ ಚರ್ಮ ಸುಟ್ಟು ತೊಂದರೆ ಇಮ್ಮಡಿಯಾಗುತ್ತದೆ.

ಲೈಂಗಿಕ ಸಂಪರ್ಕದಿಂದ ಬರುವ ರೋಗಗಳಲ್ಲಿ, ನೋವಿಲ್ಲದ ಹುಣ್ಣು ಹಾಗೂ ಆನಂತರ ಅಂಗೈ ಅಂಗಾಲುಗಳಲ್ಲಿಯೂ ಮೂಡುವ ದದ್ದು ಸಿಫಿಲಿಸ್ ಇರಬಹುದೆಂಬ ಸೂಚನೆಯಾಗಿದೆ. ಇದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ ಮತ್ತು ಪೆನ್ಸಿಲಿನ್ ಚುಚ್ಚುಮದ್ದಿನಿಂದ ಗುಣವಾಗುತ್ತದೆ. ಸಂಗಾತಿಗೂ ಪರೀಕ್ಷೆ, ಚಿಕಿತ್ಸೆ ಅಗತ್ಯ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ ಹಾಗೂ ಐಸಿಟಿಸಿ ಕೇಂದ್ರಗಳಲ್ಲಿ ಆಪ್ತಸಮಾಲೋಚನೆ ಮತ್ತು ಪರೀಕ್ಷೆ ಉಚಿತವಾಗಿರುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಗೋಪ್ಯವಾಗಿಡತಕ್ಕದ್ದು. ಹೆಸರು ಹೇಳದೆ ವಿಚಾರಿಸಬಯಸುವವರು 1097 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ಶಿಶ್ನದ ಮೇಲಿನ ಹುಣ್ಣು, ಗಂಟು ಅಥವಾ ಕೆಂಪು ಮಚ್ಚೆಯು ನಾಲ್ಕು ವಾರಗಳಾದರೂ ಮಾಯದಿದ್ದಲ್ಲಿ, ವಿಶೇಷವಾಗಿ 50 ವರ್ಷ ಮೀರಿದವರಲ್ಲಿ, ಅಪರೂಪವಾಗಿ ಅದು ಕ್ಯಾನ್ಸರ್ ಆಗಿರುವ ಸಂಭವವಿದ್ದು, ತಡಮಾಡದೆ ತೋರಿಸಿಕೊಳ್ಳಬೇಕು.

ಸುರಪುರ, ಶಹಾಪುರ ಭಾಗದವರು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ ಅಥವಾ ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿ ಮಾಡಿಸಿ ವೈದ್ಯರನ್ನು ಕಾಣಬಹುದು. ಚೀಟಿ ಮಾಡಿಸುವ ಕಿಟಕಿಯಲ್ಲಿ "ಚರ್ಮದ ತೊಂದರೆ" ಎಂದಷ್ಟೇ ಹೇಳಿದರೆ ಸಾಕು. ಹೋಗುವಾಗ ಈವರೆಗೆ ಹಚ್ಚಿದ ಎಲ್ಲ ಮುಲಾಮುಗಳ ಟ್ಯೂಬುಗಳನ್ನು, ಖಾಲಿಯಾಗಿದ್ದರೂ ಸಹ, ಜೊತೆಯಲ್ಲಿ ಒಯ್ಯಲು ಕೋರಲಾಗಿದೆ.