ವೈದ್ಯರು ‘ನಡೆಯಿರಿ’ ಎಂದರು, ನಡೆಯುವುದೆಲ್ಲಿ?

ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇದೆಯೆಂದು ಗೊತ್ತಾದ ದಿನ ವೈದ್ಯರು ಮಾತ್ರೆಯ ಜೊತೆಗೆ ಇನ್ನೊಂದು ಔಷಧಿಯನ್ನೂ ಹೇಳುತ್ತಾರೆ: ದಿನಾ ಅರ್ಧ ತಾಸು ಚುರುಕಾಗಿ ನಡೆಯಿರಿ. ಮಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ನಡೆಯಲು ಜಾಗ? ಹಾವೇರಿ, ರಾಣೆಬೆನ್ನೂರುಗಳಲ್ಲಿ ಅದನ್ನು ಕೊಡಬೇಕಾದದ್ದು ನಗರಸಭೆ, ಬ್ಯಾಡಗಿಯಲ್ಲಿ ಪುರಸಭೆ.

ಇದು ಅವರು ನಮಗೆ ಮಾಡುವ ಉಪಕಾರವೆಂದು ತಿಳಿಯಬೇಡಿ. 1992ರ ಸಂವಿಧಾನ ತಿದ್ದುಪಡಿಯಲ್ಲಿ (74ನೆಯದು) ಪಟ್ಟಣಗಳ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಯಿದೆ. ಉದ್ಯಾನ, ಆಟದ ಮೈದಾನಗಳು ಅದರಲ್ಲಿ ಸೇರಿವೆ. ಉದ್ಯಾನಕ್ಕೆಂದು ಬಿಟ್ಟ ಜಾಗ ಪರರ ಪಾಲಾಗದಂತೆ ಕಾಯಲು ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯೂ ಉಂಟು. ಹಣದ ದಾರಿಯೂ ತೆರೆದಿತ್ತು. 2015ರ ಕೇಂದ್ರದ ಅಮೃತ್ ಯೋಜನೆಗೆ, ಲಕ್ಷ ಮೀರಿದ ಜನಸಂಖ್ಯೆಯ ಕಾರಣ, ಈ ಜಿಲ್ಲೆಯಿಂದ ರಾಣೆಬೆನ್ನೂರು ಆಯ್ಕೆಯಾಯಿತು. ಕುಡಿಯುವ ನೀರು, ಒಳಚರಂಡಿಗಳ ಜೊತೆಗೆ ಉದ್ಯಾನವೂ ಅದರಲ್ಲಿತ್ತು. ಆದರೆ ಉದ್ಯಾನಕ್ಕೆ ಇಟ್ಟ ಪಾಲು ನೂರಕ್ಕೆ ಎರಡೂವರೆ ಮಾತ್ರ! 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಅದರ ಎರಡನೆಯ ಹಂತ ಹಾವೇರಿ, ಬ್ಯಾಡಗಿಯಂಥ ಸಣ್ಣ ಊರುಗಳನ್ನೂ, ಕೆರೆಗಳ ಪುನಶ್ಚೇತನವನ್ನೂ ಒಳಗೊಂಡಿತು.

ಉದ್ಯಾನ ಉದ್ಘಾಟನೆಯಾದ ಮಾತ್ರಕ್ಕೆ ಊರಿನ ಆರೋಗ್ಯ ಸುಧಾರಿಸುವುದಿಲ್ಲ. 2024ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, 2022ರಲ್ಲಿ ಭಾರತದ ವಯಸ್ಕ ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಈ ಅಂತರವನ್ನು ಸೋಮಾರಿತನದ ಲೆಕ್ಕಕ್ಕೆ ಹಾಕುವುದು ಅನ್ಯಾಯ. ಗೃಹಿಣಿಗೆ ಬಿಡುವು ಸಿಗುವುದೇ ನಸುಕಿನಲ್ಲಿ, ಇಲ್ಲವೇ ಸಂಜೆ ದೀಪ ಹಚ್ಚಿದ ಮೇಲೆ. ಆಗ ಉದ್ಯಾನದ ದೀಪ ಉರಿಯದಿದ್ದರೆ, ಗೇಟಿಗೆ ಬೀಗ ಬಿದ್ದಿದ್ದರೆ, ಶೌಚಾಲಯವಿಲ್ಲದಿದ್ದರೆ ಅವರು ಬರುವುದು ಹೇಗೆ? ಮೂತ್ರದ ತೊಂದರೆಯಿರುವ ಹಿರಿಯರೂ ಇದೇ ಕಾರಣಕ್ಕೆ ಮನೆಯಲ್ಲೇ ಉಳಿಯುತ್ತಾರೆ.

ನಮ್ಮದು ಎರೆಮಣ್ಣಿನ ಸೀಮೆ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಜಾರಿಸುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಗರಸು ಹಾಕಿ ರೋಲರ್ ಹೊಡೆಸಿದ, ನೀರು ಹರಿದುಹೋಗುವ ಕಾಲುದಾರಿ ಸಾಕು. ಬಣ್ಣದ ಕಲ್ಲು ಬೇಕಿಲ್ಲ. ಕಲ್ಲು ಎದ್ದುನಿಂತರೆ ವಯಸ್ಸಾದವರು ಎಡವಿ ಸೊಂಟ ಮುರಿದುಕೊಳ್ಳುವ ಭಯ ಬೇರೆ. ಹಾವೇರಿಯ ಹೆಗ್ಗೇರಿಯಂಥ ದೊಡ್ಡ ಕೆರೆಯ ದಂಡೆ ನಡಿಗೆಗೆ ಹೇಳಿ ಮಾಡಿಸಿದ ಜಾಗ. ಆದರೆ ಮನೆಯಿಂದ ಅಲ್ಲಿಗೆ ಕಾಲ್ನಡಿಗೆಯಲ್ಲಿ ಹೋಗುವ ದಾರಿಯೂ ಕಾಮಗಾರಿಯ ಭಾಗವಾಗಬೇಕು. ನಡೆಯಲಿಕ್ಕೆಂದು ಬೈಕ್ ಹತ್ತಿ ಹೋಗುವುದು ತಮಾಷೆಯಲ್ಲವೇ?

ಆಯವ್ಯಯಕ್ಕೆ ಮುಂಚೆ ನಗರಸಭೆ, ಪುರಸಭೆಗಳು ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆ ಕರೆಯುತ್ತವೆ. ಹೋಗಿ ಕುಳಿತುಕೊಳ್ಳಿ, ಮನೆಯ ಹೆಣ್ಣುಮಕ್ಕಳನ್ನೂ ಕರೆದೊಯ್ಯಿರಿ. ಹೊಸ ಉದ್ಯಾನ ಎಷ್ಟು ಎಂದು ಕೇಳುವ ಮೊದಲು, ಇರುವುದರ ದೀಪ, ನೀರು, ಕಾವಲುಗಾರನ ಸಂಬಳಕ್ಕೆ ಎಷ್ಟು ಇಟ್ಟಿದ್ದೀರಿ ಎಂದು ಕೇಳಿ.

ಅಲ್ಲಿಯವರೆಗೆ ಸುಮ್ಮನಿರಬೇಡಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕು. ಒಂದೇ ಸಲಕ್ಕೆ ಆಗಬೇಕೆಂದಿಲ್ಲ. ಊಟದ ನಂತರ ಓಣಿಯಲ್ಲೇ ಹತ್ತು ನಿಮಿಷ ಅಡ್ಡಾಡಿದರೂ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಕೂಡದು. ಕಾಲು ಜೋಮು ಹಿಡಿದಿದ್ದರೆ ಗಾಯವಾದದ್ದೇ ತಿಳಿಯುವುದಿಲ್ಲ. ನಡೆಯುವಾಗ ಎದೆ ಬಿಗಿದರೆ, ವಿಪರೀತ ಏದುಸಿರು ಬಂದರೆ ಅಲ್ಲೇ ನಿಂತು ವೈದ್ಯರನ್ನು ಕಾಣಿ.

ಬ್ಯಾಡಗಿಯವರಿಗೆ ಒಂದು ಮಾತು ಹೆಚ್ಚು. ಸುಗ್ಗಿಯಲ್ಲಿ, ಅದರಲ್ಲೂ ಸೋಮವಾರ, ಗುರುವಾರದ ಪೇಟೆಯ ದಿನ, ಮೆಣಸಿನಕಾಯಿ ಘಾಟು ಗಾಳಿಗೆ ಸೇರುತ್ತದೆ. ಆಸ್ತಮಾ ಇದ್ದವರು ಆ ದಿನಗಳಲ್ಲಿ ಮಾರುಕಟ್ಟೆಯ ದಿಕ್ಕು ಬಿಟ್ಟು ನಡೆಯಿರಿ, ಇನ್‌ಹೇಲರ್ ಕಿಸೆಯಲ್ಲಿರಲಿ.