ಮಳೆಗೆ ತಡೆಯುವ ಮರ

ಮರದೊಳಗಿನ ತೇವ ಅದರ ಒಣತೂಕದ ಶೇ 20ನ್ನು ದಾಟಿ ಹಾಗೆಯೇ ಉಳಿದರೆ ಶಿಲೀಂಧ್ರ ಹಿಡಿಯುತ್ತದೆ. ಅಂಗಳದ ಬೆಂಚು, ತೋಟದ ಕುರ್ಚಿ ಕೊಳೆಯುವುದು ಹೀಗೆ. ಗೆದ್ದಲು ಅದರ ಜೊತೆಗಾರ.

ಇವೆರಡನ್ನೂ ತಡೆಯುವುದು ಚೇಗು. ಮರ ಬಲಿತಂತೆ ಈ ಒಳಭಾಗದಲ್ಲಿ ಎಣ್ಣೆ, ಟ್ಯಾನಿನ್‌ನಂಥ ವಸ್ತುಗಳು ತುಂಬಿಕೊಂಡು ಬಣ್ಣ ಗಾಢವಾಗುತ್ತದೆ. ಹೊರಸುತ್ತಿನ ಬಿಳಿ ಭಾಗದಲ್ಲಿರುವುದು ಪಿಷ್ಟ, ಸಕ್ಕರೆ. ಹುಳಕ್ಕೆ ಅದೇ ಊಟ. ಹಾಗಾಗಿ ಎಳೆಯ ತೇಗದ ಬಿಳಿ ಹಲಗೆಗೆ ಹೆಸರಿನ ಬೆಲೆಯಷ್ಟೇ ಇರುತ್ತದೆ, ಬಾಳಿಕೆ ಇರುವುದಿಲ್ಲ. ಅಂಗಡಿಯಲ್ಲಿ ಮರದ ಜಾತಿ ಕೇಳುವವರು ಹಲಗೆಯ ಅಂಚನ್ನೂ ತಿರುಗಿಸಿ ನೋಡಬೇಕು.

ಭಾರತೀಯ ಮಾನಕದಲ್ಲಿ ಚೇಗಿನ ಬಾಳಿಕೆಗೆ ಮೂರು ದರ್ಜೆಗಳಿವೆ. ಮಣ್ಣಿನಲ್ಲಿ ನೆಟ್ಟ ತುಂಡುಗಳು ಸರಾಸರಿ 120 ತಿಂಗಳು ತಡೆದರೆ ಮೊದಲನೆಯದು, 60ಕ್ಕಿಂತ ಕಡಿಮೆಯಾದರೆ ಕೊನೆಯದು. ಬಲಿತ ತೇಗ ಮೊದಲ ದರ್ಜೆಯ ಮರ. ಒಣಗಿದ ಮೇಲೆ ಸೊಟ್ಟಗಾಗುವುದೂ ಕಡಿಮೆ. ಬೆಲೆ ಕೇಳಿ ಹಿಂಜರಿಯುವವರಿಗೆ ಮಲೆನಾಡು, ಕರಾವಳಿಯಲ್ಲಿ ಹಲಸು ಇದೆ. ಕೊಯ್ದಾಗ ಹಳದಿ, ವರ್ಷಗಳು ಕಳೆದಂತೆ ಕಂದು. ಗೆದ್ದಲು ಅದರ ಚೇಗನ್ನು ಸುಲಭಕ್ಕೆ ಮುಟ್ಟದು. ಹೊನ್ನೆಯೂ ಗಟ್ಟಿಯೇ, ಆದರೆ ನೆಂದರೆ ಬಣ್ಣ ಬಿಡುತ್ತದೆ. ತಿಳಿಬಣ್ಣದ ನೆಲದ ಮೇಲೆ ಕಲೆ ಉಳಿದೀತು. ಮತ್ತಿ ಭಾರದ ಮರ, ಆತುರದಲ್ಲಿ ಒಣಗಿಸಿದರೆ ಸೀಳುತ್ತದೆ.

ರಬ್ಬರ್, ಮಾವು, ಸಿಲ್ವರ್ ಓಕ್ ಒಳಮನೆಗೆ ಸರಿ. ರಬ್ಬರ್ ಮರಕ್ಕೆ ಸಾಮಾನ್ಯವಾಗಿ ಕೊಡುವ ಬೋರಾನ್ ಉಪಚಾರ ನೀರಿನಲ್ಲಿ ಕರಗುವಂಥದ್ದು. ಮಳೆಗೆ ಸಿಕ್ಕರೆ ತೊಳೆದುಹೋಗುತ್ತದೆ.

ಒಳ್ಳೆಯ ಮರವನ್ನೂ ಕೆಟ್ಟ ಕೆಲಸ ಕೆಡಿಸುತ್ತದೆ. ಮರ ನೀರು ಹೀರುವುದು ಹೆಚ್ಚಾಗಿ ಕತ್ತರಿಸಿದ ತುದಿಯಿಂದ. ಹಾಗಾಗಿ ಕಾಲುಗಳು ಮಣ್ಣಿಗೆ ತಾಗದಂತೆ ಕಲ್ಲಿನ ಮೇಲೆ ನಿಲ್ಲಬೇಕು, ಕೂರುವ ಪಟ್ಟಿಗಳ ನಡುವೆ ನೀರು ಇಳಿಯಲು ಸಂದು ಬೇಕು. ಟ್ಯಾನಿನ್ ಇರುವ ಮರಕ್ಕೆ ಕಬ್ಬಿಣದ ಮೊಳೆ ಹೊಡೆದರೆ ಸುತ್ತ ಕಪ್ಪಾಗುತ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಲೇಸು. ದಪ್ಪ ವಾರ್ನಿಷ್ ಬಿಸಿಲಿಗೆ ಬಿರಿದು, ಬಿರುಕಿನಲ್ಲಿ ಇಳಿದ ನೀರನ್ನು ಹೊರಬಿಡದೆ ಹಿಡಿದಿಡುತ್ತದೆ. ಏನನ್ನೂ ಬಳಿಯದ ತೇಗ ಕೆಲವೇ ತಿಂಗಳಲ್ಲಿ ಬೂದುಬಣ್ಣಕ್ಕೆ ತಿರುಗುತ್ತದೆ. ಅದು ಬಿಸಿಲು ಮೇಲ್ಪದರದಲ್ಲಿ ಮಾಡಿದ ಬದಲಾವಣೆಯಷ್ಟೇ, ಕೊಳೆತವಲ್ಲ. ಮರಳುಕಾಗದದಿಂದ ಉಜ್ಜಿದರೆ ಮೊದಲಿನ ಬಣ್ಣ ಸಿಗುತ್ತದೆ.