ಒಂದಾದರೆ ಸಾಲದು, ಹೊಸದು ಹಾಡಬೇಕು

ವರ್ಷಗಟ್ಟಲೆ ದೂರವಾಗಿದ್ದ ಹಾಡುಗಾರರ ತಂಡಗಳು ಮತ್ತೆ ಕೂಡಿಕೊಂಡಾಗ ಮೊದಲ ಚಪ್ಪಾಳೆ ಹಳೆಯ ನೆನಪಿಗೆ ಬೀಳುತ್ತದೆ. ಎರಡನೆಯ ಚಪ್ಪಾಳೆ ಯಾವುದಕ್ಕೆ ಬೀಳಬೇಕು? ಮ್ಯಾಂಚೆಸ್ಟರ್, ಸ್ಟಾಕ್‌ಹೋಮ್, ಕರಾಚಿಯ ತಂಡಗಳು ಕಂಡುಕೊಂಡ ಉತ್ತರ ನಮ್ಮ ಹೇರೋಹಳ್ಳಿಯ ಆರ್ಕೆಸ್ಟ್ರಾಗಳಿಗೂ ಬೇಕಾಗಿದೆ.

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ ಹೇರೋಹಳ್ಳಿಯ ಕಡೆ ಬಂದರೆ, ನವೆಂಬರ್ ತಿಂಗಳ ವಾರದ ಕೊನೆಯಲ್ಲಿ ಒಂದಲ್ಲ ಒಂದು ಅಡ್ಡರಸ್ತೆಯಲ್ಲಿ ವೇದಿಕೆ ಎದ್ದಿರುತ್ತದೆ. ಹಳದಿ-ಕೆಂಪು ಬಾವುಟ, ತಾಯಿ ಭುವನೇಶ್ವರಿಯ ಪಟ, ಎರಡೂ ಬದಿಗೆ ಆಳೆತ್ತರದ ಸ್ಪೀಕರುಗಳು. ಅದಕ್ಕೂ ಮೊದಲು ಗಣೇಶನ ಪೆಂಡಾಲು, ನಡುನಡುವೆ ಅಣ್ಣಮ್ಮ ದೇವಿಯ ಉತ್ಸವ. ಸಂದರ್ಭ ಯಾವುದೇ ಇರಲಿ, ಕರಪತ್ರದ ಕೊನೆಯ ಸಾಲಿನಲ್ಲಿ ‘ಸಂಜೆ ರಸಮಂಜರಿ ಕಾರ್ಯಕ್ರಮ’ ಎಂದು ಇದ್ದೇ ಇರುತ್ತದೆ. ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಿಗೆ ಆರ್ಕೆಸ್ಟ್ರಾ ಎಂಬುದು ಟಿಕೆಟ್ಟಿಲ್ಲದ ಸಂಗೀತಸಭೆ. ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವರು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ತಾತ, ಮೊಮ್ಮಗ ಎಲ್ಲರೂ ಒಂದೇ ಕುರ್ಚಿಸಾಲಿನಲ್ಲಿ ಕುಳಿತು ಹಾಡು ಕೇಳುವ ಜಾಗ ನಗರದಲ್ಲಿ ಬೇರೆಲ್ಲಿದೆ?

ಈ ಆರ್ಕೆಸ್ಟ್ರಾಗಳ ಮೈಕಟ್ಟು ಕಳೆದ ಮೂರು ದಶಕಗಳಲ್ಲಿ ಕರಗುತ್ತಾ ಬಂದಿದೆ. ಒಂದು ಕಾಲಕ್ಕೆ ವೇದಿಕೆಯ ಮೇಲೆ ಎರಡು ಕೀಬೋರ್ಡು, ಲೀಡ್ ಗಿಟಾರು, ಬೇಸ್, ಡ್ರಮ್ಸ್, ತಬಲ, ಕೊಳಲು ಇರುತ್ತಿದ್ದವು. ರಿದಂ ಪ್ಯಾಡ್ ಬಂದ ಮೇಲೆ ತಾಳವಾದ್ಯದವರು ಕಡಿಮೆಯಾದರು. ಕರೋಕೆ ಟ್ರ್ಯಾಕ್ ಬಂದ ಮೇಲೆ ಲ್ಯಾಪ್‌ಟಾಪಿನ ಮುಂದೆ ಇಬ್ಬರು ಗಾಯಕರು ನಿಂತರೆ ಪ್ರೋಗ್ರಾಂ ಆಗಿಬಿಡುತ್ತದೆ. 2020ರ ಲಾಕ್‌ಡೌನ್ ಉಳಿದಿದ್ದ ತಂಡಗಳನ್ನೂ ಚದುರಿಸಿತು. ಎರಡು ವರ್ಷ ಬುಕಿಂಗ್ ಇಲ್ಲದೆ ಎಷ್ಟೋ ವಾದ್ಯಗಾರರು ಬೇರೆ ಕೆಲಸ ಹಿಡಿದರು. ಈಗ ಜಾತ್ರೆ, ಉತ್ಸವಗಳು ಮತ್ತೆ ತುಂಬಿಕೊಂಡಿವೆ. ಬಿಟ್ಟುಹೋದವರನ್ನು ಕರೆತಂದು, ಧೂಳು ಹಿಡಿದ ವಾದ್ಯ ಒರೆಸಿ, ‘ಮತ್ತೆ ಶುರು ಮಾಡೋಣ’ ಎನ್ನುವ ತಂಡಗಳ ಮುಂದೆ ದೊಡ್ಡ ಪ್ರಶ್ನೆಯೊಂದಿದೆ. ಒಂದಾಗಿ ಏನು ಹಾಡುವುದು?

ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದವರು ಜಗತ್ತಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರ ಕಥೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಳೆಯ ಹಾಡು ಜನರನ್ನು ಒಂದು ಸಲ ಕರೆತರುತ್ತದೆ. ಅವರು ಮತ್ತೆ ಮತ್ತೆ ಬರಬೇಕಾದರೆ ಹೊಸ ಹಾಡು ಹುಟ್ಟಬೇಕು. ಹೊಸ ಹಾಡು ಹುಟ್ಟಬೇಕಾದರೆ ತಂಡದೊಳಗಿನ ಹಳೆಯ ಅನ್ಯಾಯ ಮೊದಲು ಸರಿಹೋಗಬೇಕು.

ಹಾಡಿನ ಜೊತೆ ಪಾಲೂ ಬದಲಾಯಿತು

ಮ್ಯಾಂಚೆಸ್ಟರ್‌ನಲ್ಲಿ 1990ರಲ್ಲಿ ಹುಟ್ಟಿದ ‘ಟೇಕ್ ದಟ್’ ಐವರು ಹುಡುಗರ ತಂಡ. ಹದಿಹರೆಯದವರ ಕಣ್ಮಣಿಯಾಗಿದ್ದ ಈ ತಂಡದಿಂದ 1995ರಲ್ಲಿ ರಾಬಿ ವಿಲಿಯಮ್ಸ್ ಹೊರನಡೆದ. 1996ರ ಫೆಬ್ರುವರಿಯಲ್ಲಿ ತಂಡವೇ ಮುರಿದುಬಿತ್ತು. ಅಲ್ಲಿಯವರೆಗೆ ಹೆಚ್ಚಿನ ಹಾಡು ಬರೆಯುತ್ತಿದ್ದವನು ಗ್ಯಾರಿ ಬಾರ್ಲೋ. ಬರೆದವನಿಗೆ ಸಲ್ಲುವ ರಾಯಲ್ಟಿ ಅವನಿಗೇ ಹೋಗುತ್ತಿತ್ತು. ಉಳಿದವರು ಕುಣಿದು, ದನಿಗೂಡಿಸಿ ಹೆಸರು ಗಳಿಸಿದರೂ ಗಳಿಕೆಯಲ್ಲಿ ಹಿಂದೆ ಉಳಿದರು. ತಂಡ ಒಡೆದ ಮೇಲೆ ರಾಬಿ ದೊಡ್ಡ ತಾರೆಯಾದರೆ, ಗ್ಯಾರಿಯನ್ನು ರೆಕಾರ್ಡಿಂಗ್ ಕಂಪನಿಯೇ ಕೈಬಿಟ್ಟಿತು.

2005ರ ನವೆಂಬರಿನಲ್ಲಿ ಟಿವಿಯ ಸಾಕ್ಷ್ಯಚಿತ್ರವೊಂದು ಆ ಹಳೆಯ ಹುಡುಗರನ್ನು ಮತ್ತೆ ಜನರ ಮುಂದೆ ನಿಲ್ಲಿಸಿತು. ರಾಬಿ ಇಲ್ಲದೆಯೇ ನಾಲ್ವರೂ ಪ್ರವಾಸ ಹೊರಟರು. ಟಿಕೆಟ್ಟುಗಳು ಖರ್ಚಾದವು. ಹಳೆಯ ಹಾಡುಗಳನ್ನಷ್ಟೇ ಹಾಡಿ, ಹಣ ಎಣಿಸಿಕೊಂಡು ಮನೆಗೆ ಹೋಗಬಹುದಾಗಿದ್ದ ಆ ಘಟ್ಟದಲ್ಲಿ ಅವರು ಸ್ಟುಡಿಯೋಗೆ ಹೋದರು. 2006ರ ಕೊನೆಗೆ ‘ಬ್ಯೂಟಿಫುಲ್ ವರ್ಲ್ಡ್’ ಆಲ್ಬಂ ಬಂತು. ಈ ಬಾರಿ ಹಾಡುಗಳ ಕೆಳಗೆ ನಾಲ್ವರ ಹೆಸರೂ ಇತ್ತು, ರಾಯಲ್ಟಿಯೂ ಹಂಚಿಕೆಯಾಯಿತು. ಹಿಂದೆ ಹೆಚ್ಚಾಗಿ ಹಿನ್ನೆಲೆಯಲ್ಲಿದ್ದ ಮಾರ್ಕ್ ಓವನ್ ಮುಂದೆ ನಿಂತು ಹಾಡಿದ ‘ಶೈನ್’ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ಆಲ್ಬಮ್ಮಿನ ‘ಪೇಷನ್ಸ್’ 2007ರಲ್ಲಿ, ‘ಶೈನ್’ 2008ರಲ್ಲಿ ವರ್ಷದ ಅತ್ಯುತ್ತಮ ಬ್ರಿಟಿಷ್ ಹಾಡೆಂದು ಬ್ರಿಟ್ ಪ್ರಶಸ್ತಿ ಪಡೆದವು. 2010ರಲ್ಲಿ ರಾಬಿಯೂ ಮರಳಿದ. ಮರುವರ್ಷ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣವನ್ನು ಈ ಐವರು ಎಂಟು ರಾತ್ರಿ ತುಂಬಿದರು. ಈಗ ಮೂವರಷ್ಟೇ ಉಳಿದಿದ್ದಾರೆ. 2023ರಲ್ಲೂ ಹೊಸ ಆಲ್ಬಂ ತಂದರು.

ಇದರಲ್ಲಿ ಪವಾಡವೇನೂ ಇಲ್ಲ. ಯಾರ ದನಿ ಅಡಗಿತ್ತೋ ಅವರಿಗೆ ಮೈಕು ಸಿಕ್ಕಿತು, ಯಾರಿಗೆ ಪಾಲು ಸಿಗುತ್ತಿರಲಿಲ್ಲವೋ ಅವರಿಗೆ ಪಾಲು ಸಿಕ್ಕಿತು. ಹಾಡಿನ ಹೊಸತನ ಅಲ್ಲಿಂದಲೇ ಚಿಗುರಿತು.

ನಲವತ್ತು ವರ್ಷದ ಮೌನದ ನಂತರ

ಸ್ವೀಡನ್ನಿನ ‘ಅಬ್ಬಾ’ ಎರಡು ದಂಪತಿಗಳ ತಂಡ. 1974ರಲ್ಲಿ ಯೂರೋವಿಷನ್ ಸ್ಪರ್ಧೆ ಗೆದ್ದು ಜಗತ್ತಿಗೆ ಪರಿಚಯವಾದ ನಾಲ್ವರು, ಎರಡೂ ದಾಂಪತ್ಯ ಮುರಿದ ಮೇಲೆ 1982ರ ಹೊತ್ತಿಗೆ ಹಾಡುವುದನ್ನು ನಿಲ್ಲಿಸಿದರು. ಅವರ ಹಾಡುಗಳು ಮಾತ್ರ ನಿಲ್ಲಲಿಲ್ಲ. 1999ರಲ್ಲಿ ಆ ಹಾಡುಗಳನ್ನೇ ಪೋಣಿಸಿದ ‘ಮಮ್ಮಾ ಮಿಯಾ’ ನಾಟಕ ಲಂಡನ್ನಿನಲ್ಲಿ ರಂಗಕ್ಕೆ ಬಂತು, 2008ರಲ್ಲಿ ಸಿನಿಮಾ ಆಯಿತು. ಮತ್ತೆ ಒಂದಾಗಿ ಎಂದು ಅಪಾರ ಹಣದ ಆಮಿಷ ಬಂದಾಗಲೂ ನಾಲ್ವರು ಒಪ್ಪಲಿಲ್ಲ.

ಅವರು ಒಪ್ಪಿದ್ದು ತಮಗೆ ಹೊಸದೇನೋ ಹೊಳೆದಾಗ. ತಮ್ಮ ಯೌವನದ ರೂಪವನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ, ನಿಜವಾದ ವಾದ್ಯಗಾರರ ಜೊತೆ ವೇದಿಕೆಗೆ ತರುವ ಯೋಜನೆ ಅದು. ಎಪ್ಪತ್ತರ ಆಸುಪಾಸಿನ ನಾಲ್ವರೂ ಸ್ಟಾಕ್‌ಹೋಮ್‌ನ ಸ್ಟುಡಿಯೋದಲ್ಲಿ ವಾರಗಟ್ಟಲೆ ಕ್ಯಾಮೆರಾಗಳ ನಡುವೆ ನಿಂತು ಹಾಡಿ, ಕುಣಿದು ತಮ್ಮ ಚಲನೆಗಳನ್ನು ದಾಖಲಿಸಿದರು. ‘ಅಬ್ಬಾ ವಾಯೇಜ್’ ಪ್ರದರ್ಶನ 2022ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಅದಕ್ಕಾಗಿಯೇ ಸುಮಾರು 3000 ಜನ ಹಿಡಿಯುವ ರಂಗಮಂದಿರ ಕಟ್ಟಲಾಯಿತು.

ಈ ತಂತ್ರಜ್ಞಾನಕ್ಕಿಂತ ನನ್ನನ್ನು ಹೆಚ್ಚು ಮುಟ್ಟಿದ್ದು ಬೇರೆ. ಆ ಪ್ರದರ್ಶನಕ್ಕೆಂದು ಒಂದೆರಡು ಹೊಸ ಹಾಡು ಮಾಡಲು ಕುಳಿತ ಅವರು ಎದ್ದದ್ದು ಹತ್ತು ಹಾಡುಗಳ ಆಲ್ಬಂ ಮುಗಿಸಿ. 2021ರ ನವೆಂಬರಿನಲ್ಲಿ ಬಂದ ‘ವಾಯೇಜ್’, ಹಿಂದಿನ ಆಲ್ಬಂ ಬಂದು ನಲವತ್ತು ವರ್ಷವಾದ ಮೇಲಿನದು. ಅದರ ಒಂದು ಹಾಡು ಅಬ್ಬಾಗೆ ಮೊದಲ ಗ್ರ್ಯಾಮಿ ನಾಮನಿರ್ದೇಶನ ತಂದಿತು. ಮೆರೆದ ದಿನಗಳಲ್ಲಿ ದಕ್ಕದ ಮನ್ನಣೆ ಮುಪ್ಪಿನಲ್ಲಿ ದಕ್ಕಿತು. ವಯಸ್ಸನ್ನು ಮುಚ್ಚಿಡದೆ, ದಾಟಿಬಂದ ಬದುಕನ್ನೇ ಹಾಡಿದ್ದಕ್ಕೆ ಸಂದ ಮನ್ನಣೆ ಅದು.

ಇನ್ನೊಂದು ದಾರಿಯೂ ಇದೆ. 2009ರಲ್ಲಿ ಜಗಳವಾಡಿ ಬೇರೆಯಾದ ‘ಓಯಸಿಸ್’ ತಂಡದ ಗ್ಯಾಲಗರ್ ಅಣ್ಣತಮ್ಮಂದಿರು 2025ರಲ್ಲಿ ಕಾರ್ಡಿಫ್‌ನಿಂದ ಶುರುಮಾಡಿ ಹಲವು ದೇಶಗಳ ಕ್ರೀಡಾಂಗಣಗಳನ್ನು ತುಂಬಿದರು. ಹಾಡಿದ್ದೆಲ್ಲ ಹಳೆಯದೇ. ಅಷ್ಟು ವರ್ಷ ಕಾದ ಜನ ಕಣ್ಣೀರಿಟ್ಟು ಜೊತೆಗೆ ಹಾಡಿದರು. ಅದು ಸುಳ್ಳು ಸಂತೋಷವಲ್ಲ. ಆದರೆ ಇಂಥ ಪ್ರವಾಸವನ್ನು ಎಷ್ಟು ಸಲ ಮಾಡಲು ಸಾಧ್ಯ? ನೆನಪು ಕೂಡಿಟ್ಟ ಭತ್ತದಂತೆ. ಹೊಸ ಬೆಳೆ ಇಲ್ಲದೆ ಕಣಜದಿಂದ ತೆಗೆಯುತ್ತಲೇ ಹೋದರೆ ತಳ ಕಾಣುತ್ತದೆ.

ನಮ್ಮ ಸೀಮೆಗೆ ಹತ್ತಿರ

ಕರಾಚಿಯ ‘ಸ್ಟ್ರಿಂಗ್ಸ್’ ಕಥೆ ನಮ್ಮ ಹುಡುಗರಿಗೆ ಇನ್ನಷ್ಟು ಹತ್ತಿರ. 1988ರಲ್ಲಿ ನಾಲ್ವರು ಕಾಲೇಜು ಗೆಳೆಯರು ಕಟ್ಟಿದ ತಂಡ 1992ರಲ್ಲಿ, ಹಾಡು ಜನಪ್ರಿಯವಾದ ಹೊತ್ತಿನಲ್ಲೇ ನಿಂತುಹೋಯಿತು. ಓದು, ಕೆಲಸ ಎಂದು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ಬಿಲಾಲ್ ಮಕ್ಸೂದ್, ಫೈಸಲ್ ಕಪಾಡಿಯಾ ಇಬ್ಬರೇ 2000ದಲ್ಲಿ ಮತ್ತೆ ಸೇರಿ ‘ದೂರ್’ ಆಲ್ಬಂ ತಂದರು. ಅದರ ಸಾಹಿತ್ಯ ಬಿಲಾಲನ ತಂದೆ, ಲೇಖಕ ಅನ್ವರ್ ಮಕ್ಸೂದ್ ಅವರದು. ಎರಡನೆಯ ಇನ್ನಿಂಗ್ಸ್ ಮೊದಲನೆಯದಕ್ಕಿಂತ ಎಷ್ಟೋ ಉದ್ದ ನಡೆಯಿತು. ಹಿಂದಿ ಸಿನಿಮಾ ‘ಜಿಂದಾ’ಗೆ ಹಾಡಿದರು, 2014ರಿಂದ ನಾಲ್ಕು ವರ್ಷ ಪಾಕಿಸ್ತಾನದ ಕೋಕ್ ಸ್ಟುಡಿಯೋ ನಡೆಸಿ ಬೇರೆ ಗಾಯಕರಿಗೆ ವೇದಿಕೆಯಾದರು. 2021ರಲ್ಲಿ ಸ್ನೇಹ ಕೆಡಿಸಿಕೊಳ್ಳದೆ ತಂಡಕ್ಕೆ ಮಂಗಳ ಹಾಡಿದರು.

ಕನ್ನಡದಲ್ಲಿ ತಂಡಗಳು ಸಿನಿಮಾದ ಸುತ್ತಲೇ ಕಟ್ಟಿಕೊಂಡಿವೆ. 1987ರ ‘ಪ್ರೇಮಲೋಕ’ದಿಂದ ಮನೆಮಾತಾದ ಹಂಸಲೇಖ–ರವಿಚಂದ್ರನ್ ಜೋಡಿ ಬೇರೆಯಾದಾಗ, ಅವರು ಮತ್ತೆ ಕೂಡಲಿ ಎಂದು ಬಯಸದ ಕೇಳುಗರು ಕಡಿಮೆ. ಮರಳಿ ಕೂಡಿ ಗೆದ್ದದ್ದಕ್ಕೆ ಒಂದು ಒಳ್ಳೆಯ ಉದಾಹರಣೆ ‘ಗಾಳಿಪಟ’. 2008ರ ಆ ಚಿತ್ರದ ನಿರ್ದೇಶಕ ಯೋಗರಾಜ್ ಭಟ್, ನಟರಾದ ಗಣೇಶ್, ದಿಗಂತ್, ಅನಂತ್ ನಾಗ್, ಕವಿ ಜಯಂತ ಕಾಯ್ಕಿಣಿ 2022ರ ‘ಗಾಳಿಪಟ 2’ಕ್ಕೆ ಮತ್ತೆ ಜೊತೆಯಾದರು. ಆದರೆ ಮೊದಲಿನದನ್ನೇ ನಕಲು ಮಾಡಲಿಲ್ಲ. ಕಥೆಯ ಮೂವರು ಗೆಳೆಯರ ಪಾತ್ರಗಳಲ್ಲಿ ಗಾಯಕ ರಾಜೇಶ್ ಕೃಷ್ಣನ್ ಜಾಗಕ್ಕೆ ಪವನ್ ಕುಮಾರ್ ಬಂದರು. ಸಂಗೀತ ವಿ. ಹರಿಕೃಷ್ಣ ಅವರಿಂದ ಅರ್ಜುನ್ ಜನ್ಯ ಅವರ ಕೈಗೆ ಹೋಯಿತು. ಕಾಯ್ಕಿಣಿಯವರ ಸಾಲು, ಸೋನು ನಿಗಮ್ ದನಿ ಹಳೆಯವು. ರಾಗ ಹೊಸದು. ಹದಿನಾಲ್ಕು ವರ್ಷ ದೊಡ್ಡವರಾದ ಕೇಳುಗರು ಹಳೆಯ ಹಾಡಿನ ಪಕ್ಕದಲ್ಲೇ ಹೊಸದಕ್ಕೂ ಜಾಗ ಮಾಡಿಕೊಟ್ಟರು.

ಸಿನಿಮಾದ ಹೊರಗೆ ನಿಂತವರೂ ಇದ್ದಾರೆ. 2002ರಲ್ಲಿ ಮೈಸೂರಿನಲ್ಲಿ ಹುಟ್ಟಿದ ‘ಸ್ವರಾತ್ಮ’ 2009, 2012, 2018ರಲ್ಲಿ ಆಲ್ಬಮ್ಮುಗಳನ್ನು ತಂದಿತು. ವಾಸು ದೀಕ್ಷಿತ್ ಮತ್ತು ಗೆಳೆಯರು ಸಿನಿಮಾ ಹಾಡಿನ ಆಸರೆ ಇಲ್ಲದೆ, ಜನಪದದ ಲಯದ ಮೇಲೆ ತಮ್ಮದೇ ಹಾಡು ಕಟ್ಟಿ ದೇಶ ಸುತ್ತಿದರು. ಆಲ್ಬಂ ನಡುವಿನ ವರ್ಷಗಳು ಉದ್ದವಾಗಿದ್ದರೂ ಹಾಡು ಸ್ವಂತದ್ದಾಗಿದ್ದರಿಂದ ತಂಡಕ್ಕೆ ತನ್ನದೇ ಗುರುತು ಉಳಿಯಿತು.

ಹಾಡು ಯಾರದು, ಹಣ ಯಾರದು

ಆರ್ಕೆಸ್ಟ್ರಾದ ಅಸಲು ಸಂಕಟ ಇಲ್ಲೇ ಇದೆ. ಅಣ್ಣಾವ್ರ ಹಾಡು, ಅಪ್ಪು ಹಾಡು ಎಷ್ಟೇ ಚೆನ್ನಾಗಿ ಹಾಡಿದರೂ ತಂಡಕ್ಕೆ ಸಿಗುವುದು ಆ ರಾತ್ರಿಯ ಸಂಭಾವನೆ ಮಾತ್ರ. ಹಾಡಿನ ಮೇಲೆ ಅವರಿಗೆ ಹಕ್ಕಿಲ್ಲ. 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾನೂನು ಸಾಹಿತ್ಯ ಬರೆದವರಿಗೆ, ರಾಗ ಹಾಕಿದವರಿಗೆ ಬಿಟ್ಟುಕೊಡಲಾಗದ ರಾಯಲ್ಟಿ ಹಕ್ಕು ಕೊಟ್ಟಿದೆ. ಹಾಡಿ ನುಡಿಸುವ ಕಲಾವಿದರ ಹಕ್ಕನ್ನೂ ಗಟ್ಟಿಮಾಡಿದೆ. ಸ್ವಂತ ಹಾಡು ಇರುವ ತಂಡಕ್ಕೆ ಈ ಕಾನೂನು ಆಸ್ತಿ. ಇಲ್ಲದವರಿಗೆ ಅದು ಬರೀ ಸುದ್ದಿ.

ಸಮಯವೂ ಬಿಗಿಯಾಗಿದೆ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ಹಬ್ಬಗಳಿಗೆಂದು ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಸನ್ಮಾನ, ಭಾಷಣ, ಹಾರ-ತುರಾಯಿ ಮುಗಿಯುವಷ್ಟರಲ್ಲಿ ಒಂಬತ್ತಾಗಿರುತ್ತದೆ. ಹಾಡಿಗೆ ಉಳಿಯುವುದು ಒಂದು ಗಂಟೆ. ಆ ಗಂಟೆಯಲ್ಲಿ ಲ್ಯಾಪ್‌ಟಾಪಿನ ಟ್ರ್ಯಾಕ್ ಮಾಡಲಾಗದ್ದನ್ನು ತಂಡ ಮಾಡಿ ತೋರಿಸಬೇಕು.

ಮತ್ತೆ ಸೇರುತ್ತಿರುವ ತಂಡಗಳಲ್ಲಿ ನನ್ನ ಬೇಡಿಕೆ ಇಷ್ಟೆ. ಕೂಡಿದ ಮೊದಲ ದಿನವೇ ಪಾಲಿನ ಲೆಕ್ಕ ಬರೆದಿಡಿ. ಬುಕಿಂಗ್ ಹಿಡಿದವರಿಗೆ ಎಷ್ಟು, ಕೊಳಲು ಊದಿದವರಿಗೆ ಎಷ್ಟು ಎಂಬುದು ಎಲ್ಲರಿಗೂ ಕಾಣುವಂತಿರಲಿ. ತಂಡ ಒಡೆದ ಹಳೆಯ ಕಾರಣ ಅಲ್ಲೇ ಅಡಗಿರುತ್ತದೆ. ಹಿಂದೆ ಕೋರಸ್ಸಿನಲ್ಲಿ ನಿಂತವರಿಗೆ ಒಂದು ಪೂರ್ತಿ ಹಾಡು ಕೊಡಿ. ಇಪ್ಪತ್ತರ ಹುಡುಗನೋ ಹುಡುಗಿಯೋ ಒಬ್ಬರನ್ನು ಸೇರಿಸಿಕೊಳ್ಳಿ. ರಿಹರ್ಸಲ್‌ನಲ್ಲಿ ಹಳೆಯದನ್ನು ತಿದ್ದುವಷ್ಟೇ ಹೊತ್ತು ಹೊಸದಕ್ಕೂ ಮೀಸಲಿಡಿ. ಮಾಗಡಿ ರಸ್ತೆಯ ಬದುಕಿನ ಮೇಲೆ, ಹೇರೋಹಳ್ಳಿ ಕೆರೆಯ ಮೇಲೆ, ಪಾಳಿ ಕೆಲಸದ ಮೇಲೆ ಹಾಡು ಬರೆಯಬಲ್ಲವರು ನಿಮ್ಮ ಬೀದಿಯಲ್ಲೇ ಇದ್ದಾರೆ. ಆ ಹಾಡನ್ನು ರೆಕಾರ್ಡ್ ಮಾಡಿ, ನಿಮ್ಮ ಹೆಸರಿನಲ್ಲಿ ನೋಂದಾಯಿಸಿ.

ಸಮಿತಿಯವರಿಗೂ ಹೊಣೆಯಿದೆ. ಸೌಂಡ್ ಸಿಸ್ಟಮ್ಮಿಗೆ, ಲೈಟಿಗೆ ಧಾರಾಳವಾಗಿ ಖರ್ಚು ಮಾಡುವವರು ವಾದ್ಯ ನುಡಿಸುವ ಕೈಗಳಿಗೂ ಅಷ್ಟು ಕೊಡಲಿ. ಅಡ್ವಾನ್ಸ್ ಕೊಡುವಾಗಲೇ ‘ನಿಮ್ಮದೇ ಒಂದು ಹೊಸ ಹಾಡು ಬೇಕು’ ಎಂದು ಕೇಳಲಿ. ಅದಕ್ಕೆ ಕಾರ್ಯಕ್ರಮದ ನಡುವಿನ ಒಳ್ಳೆಯ ಹೊತ್ತು ಬಿಟ್ಟುಕೊಡಲಿ. ಕೇಳುಗರಾದ ನಾವು ಆ ಐದು ನಿಮಿಷ ಕುರ್ಚಿ ಬಿಟ್ಟು ಏಳದೆ ಕೂರೋಣ. ಇಂದು ನಾವು ಒನ್ಸ್ ಮೋರ್ ಕೂಗುವ ಪ್ರತಿ ಹಾಡನ್ನೂ ಯಾರೋ ಒಮ್ಮೆ ಗುರುತಿಲ್ಲದ ಹೊಸ ಹಾಡೆಂದೇ ಕೇಳಿದ್ದರು, ಕೇಳಿ ಉಳಿಸಿದ್ದರು. ಅದೇ ಋಣವನ್ನು ನಮ್ಮ ಬೀದಿಯ ತಂಡಗಳಿಗೆ ತೀರಿಸುವ ಸರದಿ ಈಗ ನಮ್ಮದು.